ನೀಲವ್ವತ್ತಿ ಆಟ ನೋಡಲು ಹೋದದ್ದು

ಅಮೆರಿಕದಿಂದ ಮರಳಿದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನಯಾಗರಾ ನೋಡಿದಿರಾ? ನೋಡಲಿಲ್ಲ. ನ್ಯೂಯಾರ್ಕ್? ಅದೂ ಇಲ್ಲ. ಕೂಡಿಸಿಟ್ಟ ರಜೆಯನ್ನೆಲ್ಲ ಸುರಿದು ಅಷ್ಟು ದೂರ ಹೋಗಿ ನಾನು ನೋಡಿದ್ದು ಒಂದು ಬೇಸ್‌ಬಾಲ್ ಆಟ. ಅದನ್ನೂ ಪೂರ್ತಿ ನೋಡಲಿಲ್ಲ. ಆಟದ ಒಂದು ಭಾಗ ನಡೆಯುತ್ತಿದ್ದಾಗ ನಾನು ಹೆಂಗಸರ ಶೌಚಾಲಯದಲ್ಲಿ ಬಗ್ಗಿ ಬಗ್ಗಿ ಬಾಗಿಲುಗಳ ಕೆಳಗೆ ಕಾಣುವ ಬೂಟುಗಳನ್ನು ನೋಡುತ್ತಿದ್ದೆ. ಹೀಗೆಂದರೆ ಯಾರಿಗೂ ಅರ್ಥವಾಗುವುದಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಆ್ಯಂಡರ್ಸನ್

ನನ್ನ ಅಕ್ಕ ಸುಮಿತ್ರಾ ಇರುವುದು ದಕ್ಷಿಣ ಕೆರೊಲಿನಾದ ಆ್ಯಂಡರ್ಸನ್ ಎಂಬ ಊರಿನಲ್ಲಿ. ಭಾವ ಅಲ್ಲಿ ಸರ್ಜನ್. ಮಕ್ಕಳಿಬ್ಬರೂ ದೂರದ ಕಾಲೇಜುಗಳಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಅಕ್ಕ, ಭಾವ ಮತ್ತು ಭಾವನ ತಾಯಿ ನೀಲವ್ವ. ಬಾಗಲಕೋಟೆ ಕಡೆಯವರು, ಎಪ್ಪತ್ತು ದಾಟಿದವರು, ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಅಕ್ಕನ ಹಾಗೆ ನಾನೂ ಅವರನ್ನು ಅತ್ತಿ ಎಂದೇ ಕರೆಯುತ್ತೇನೆ.

ನಾನು ಹೋದ ದಿನ ಸಂಜೆ ಏಳಕ್ಕೆ ಅತ್ತಿ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಟಿವಿಯ ಮುಂದೆ ಬಂದು ಕುಳಿತರು. ಭಜನೆಯ ಕ್ಯಾಸೆಟ್ ಹಾಕುತ್ತಾರೆಂದುಕೊಂಡೆ. ಹಸಿರು ಮೈದಾನ ಮೂಡಿತು. ಬಿಳಿ ಪ್ಯಾಂಟಿನ ಗಂಡಸರು ಹೊಗೆಸೊಪ್ಪು ಜಗಿಯುತ್ತ ನಿಂತಿದ್ದರು. ಅಟ್ಲಾಂಟಾ ತಂಡದ ಆಟಗಳನ್ನು ಕೇಬಲ್ಲಿನ ಒಂದು ಚಾನೆಲ್ ಹೆಚ್ಚುಕಡಿಮೆ ದಿನವೂ ತೋರಿಸುತ್ತದೆ. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದ ಅತ್ತಿ, ಹಗಲೆಲ್ಲ ಮಾತಾಡಲು ಜನರಿಲ್ಲದೆ ಕೂತಿದ್ದಾಗ ಒಂದು ಸಂಜೆ ರಿಮೋಟ್ ಒತ್ತುತ್ತ ಒತ್ತುತ್ತ ಇಲ್ಲಿಗೆ ಬಂದು ನಿಂತರಂತೆ. ನಿಂತವರು ಮತ್ತೆ ಹೊರಳಲಿಲ್ಲ.

ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಯಾರೂ ಹೇಳಿಕೊಡಲೂ ಇಲ್ಲ. ನೋಡಿ ನೋಡಿಯೇ ಆಟ ತಿಳಿದುಕೊಂಡರು. ಆಟಗಾರರಿಗೆ ತಾವೇ ಹೆಸರಿಟ್ಟರು. ಚೆಂಡು ಎಸೆಯುವವರಲ್ಲಿ ಒಬ್ಬ ಎಡಚ, ಕನ್ನಡಕದವನು ಚಾಳೀಸಿನಂವ. ಬೇಲಿಯ ಹತ್ತಿರ ನಿಲ್ಲುವವನು ದೂರದಂವ. ಕ್ರಿಕೆಟ್ಟಿನ ಅಭ್ಯಾಸದ ನಾನು ತಲೆಬುಡ ತಿಳಿಯದೆ ಕೂತದ್ದು ನೋಡಿ ಮೊದಲ ರಾತ್ರಿಯೇ ಪಾಠ ಹೇಳಿದರು.

"ಹೊಡಿಯಾಂವ ಮೂರು ಸಲ ತಪ್ಪಿದ್ರ ಮನಿಗೆ ಹೋಗಬೇಕು. ಒಗಿಯಾಂವ ನಾಕು ಸಲ ತಪ್ಪಿದ್ರ ಇಂವ ಆರಾಮ ನಡಕೋತ ಹೋಗಬಹುದು. ಇಷ್ಟ. ಬಾಕಿದ್ದು ನೋಡಿದ್ರ ತಿಳೀತೈತಿ."

ಹಿಂದಿನ ವರ್ಷ, 1994ರಲ್ಲಿ, ಆಟಗಾರರು ಮುಷ್ಕರ ಹೂಡಿ ಋತುವಿನ ನಡುವೆಯೇ ಆಟ ನಿಂತುಹೋಯಿತಂತೆ. ಆ ಚಳಿಗಾಲವೇ ಅತ್ತಿ ಮನೆಯ ಮುಂದಿನ ಮೆಟ್ಟಿಲ ಮೇಲೆ ಹಿಮಕ್ಕೆ ಜಾರಿ ಬಿದ್ದು ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಅದಾದ ಮೇಲೆ ಅವರು ಹೊರಗೆ ಕಾಲಿಟ್ಟದ್ದು ಆಸ್ಪತ್ರೆಗೆ ಮಾತ್ರ. ವಸಂತದಲ್ಲಿ ಆಟ ಮತ್ತೆ ಶುರುವಾಗುವ ಹೊತ್ತಿಗೆ ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾಗಿದ್ದರು. ಆದರೆ ಮಗನಿಗೆ ಒಂದು ಮಾತು ಹೇಳಿಬಿಟ್ಟಿದ್ದರು: ನನ್ನನ್ನು ಬಾಗಲಕೋಟಿಗೆ ಕಳಿಸು, ಮಗಳ ಹತ್ತಿರ ಇರುತ್ತೇನೆ. ಸೆಪ್ಟೆಂಬರ್ ಕೊನೆಗೆ ನಾನು ಮರಳುವಾಗ ನನ್ನ ಜೊತೆ ಹೋಗುವುದೆಂದು ಟಿಕೆಟ್ ಆಗಿತ್ತು.

ಅಕ್ಕ ಇದನ್ನು ನನಗೆ ಹೇಳಿದ್ದು ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ. ಬಿದ್ದ ಮೇಲೆ ತಾನೇ ಸ್ನಾನ ಮಾಡಿಸಿದ್ದು, ತಾನೇ ನಡೆಸಿದ್ದು. ಆದರೂ ಅವರಿಗೆ ಇಲ್ಲಿ ಸೇರುತ್ತಿಲ್ಲ ಎಂದರೆ ತನ್ನಲ್ಲೇ ಏನೋ ಕೊರತೆ ಇರಬೇಕು ಎಂದಳು. ಅತ್ತಿ ಸೊಸೆಯರ ನಡುವೆ ಜಗಳ ಇರಲಿಲ್ಲ. ಮಾತೂ ಇರಲಿಲ್ಲ. ಹಾಲು ಐತೇನು, ಗುಳಿಗಿ ತಗೊಂಡ್ರೇನು, ಇಷ್ಟೇ.

ಹೊರಡುವ ಮೊದಲು ಅತ್ತಿ ಕೇಳಿದ್ದು ಒಂದೇ. ಆ ಮೈದಾನವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅಷ್ಟು ಮಂದಿ, ಅಷ್ಟು ಮೆಟ್ಟಿಲು, ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ ಎಂದು ಭಾವ ತಳ್ಳಿಹಾಕಿದರು. ಮರುದಿನ ಸಂಜೆ ಏಳಕ್ಕೆ ಅತ್ತಿ ಟಿವಿ ಹಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ಸಂಜೆ ಭಾವ ಆಸ್ಪತ್ರೆಯಿಂದ ಬಂದು ಆ ಕತ್ತಲೆ ಪರದೆಯನ್ನು ನೋಡಿ, ಕೋಟು ಬಿಚ್ಚುವ ಮೊದಲೇ ಫೋನ್ ಮಾಡಿ ಭಾನುವಾರ ಮಧ್ಯಾಹ್ನದ ಆಟಕ್ಕೆ ನಾಲ್ಕು ಟಿಕೆಟ್ ಹೇಳಿದರು.

ಹೆದ್ದಾರಿ

ಭಾನುವಾರ ಬೆಳಗ್ಗೆ ತಿಂಡಿ ಕಟ್ಟುತ್ತಿದ್ದಾಗ ಭಾವನ ಪೇಜರ್ ಕೂಗಿತು. ಯಾವುದೋ ಅಪಘಾತ, ಕೂಡಲೇ ಬರಬೇಕು. ಅವರು ತಾಯಿಯ ಮುಂದೆ ನಿಂತು ಕಾರಿನ ಕೀಲಿಕೈಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಅತ್ತಿ ಆಗಲೇ ಹಸಿರು ಸೀರೆ ಉಟ್ಟು, ಮಗ ತಂದುಕೊಟ್ಟ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸೋಫಾದ ಅಂಚಿನಲ್ಲಿ ಕುಳಿತಿದ್ದರು. ಜೀವ ದೊಡ್ಡದು, ನೀ ಹೋಗು ಎಂದರು. ಬೂಟಿನ ಲೇಸು ಬಿಚ್ಚಲು ಬಗ್ಗಿದರು.

"ಬಿಚ್ಚಬ್ಯಾಡ್ರಿ ಅತ್ತಿ," ಎಂದಳು ಅಕ್ಕ. "ನಾ ಡ್ರೈವ್ ಮಾಡ್ತೀನಿ."

ಭಾವ ಅವಳನ್ನೇ ನೋಡಿದರು. ಅಕ್ಕ ಕಾರು ಓಡಿಸುತ್ತಿದ್ದುದು ಅಂಗಡಿ, ಲೈಬ್ರರಿ, ಅಂಚೆ ಕಚೇರಿಗಳಿಗೆ. ಇಂಟರ್‌ಸ್ಟೇಟ್ ಎನ್ನುವ ದೊಡ್ಡ ಹೆದ್ದಾರಿಗೆ ಎಂದೂ ಏರಿದವಳಲ್ಲ. ಒಮ್ಮೆ ಅದಕ್ಕೆ ಏರುವ ದಾರಿಯವರೆಗೂ ಹೋಗಿ, ಲಾರಿಗಳ ಓಟ ಕಂಡು ಬದಿಗೆ ನಿಲ್ಲಿಸಿ ಅತ್ತಿದ್ದಳಂತೆ. ಭಾವ ಏನೋ ಹೇಳಲು ಬಾಯಿ ತೆರೆದರು. ಪೇಜರ್ ಮತ್ತೆ ಕೂಗಿತು. ಕೀಲಿಕೈಯನ್ನು ಅಕ್ಕನಿಗೆ ಕೊಟ್ಟು, ಅವ್ವನ ಕೈ ಬಿಡಬೇಡ ಎಂದು ನನಗೆ ಹೇಳಿ, ಅವಳ ಸಣ್ಣ ಕಾರು ಹತ್ತಿ ಹೋದರು.

ನಾನು ಮುಂದಿನ ಸೀಟಿನಲ್ಲಿ ನಕ್ಷೆ ಹಿಡಿದು ಕೂತೆ. ಭೂಗೋಳದ ಟೀಚರ್ ಅಲ್ಲವೇ. ಅಕ್ಕ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದಿದ್ದಳು. ಪಕ್ಕದಲ್ಲಿ ಹದಿನೆಂಟು ಗಾಲಿಯ ಲಾರಿಯೊಂದು ಹಾದಾಗ ಇಡೀ ಕಾರು ನಡುಗಿತು. ಸರೋವರದ ಮೇಲಿನ ಉದ್ದ ಸೇತುವೆ ದಾಟಿದ ಮೇಲೆ ಜಾರ್ಜಿಯಾ ರಾಜ್ಯ ನಿಮ್ಮನ್ನು ಸ್ವಾಗತಿಸುತ್ತದೆ ಎಂಬ ಫಲಕ ಬಂತು. ಅಕ್ಕ ಉಸಿರು ಬಿಟ್ಟಳು. ಬೇರೆ ರಾಜ್ಯಕ್ಕೆ ಬಂದ್ವಲ್ಲ ಎಂದಳು, ತನಗೆ ತಾನೇ.

ಫಲಕದ ಹತ್ತಿರವೇ ವಿಶ್ರಾಂತಿ ತಾಣ. ಪೈನ್ ಮರಗಳ ಕೆಳಗೆ ಸಿಮೆಂಟಿನ ಮೇಜುಗಳಿದ್ದವು. ನಾನು ಹುಬ್ಬಳ್ಳಿಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಕ್ಕನ ಮನೆಯ ಮೊಸರು ಬಿಚ್ಚಿದೆವು. ನಾನು ರೊಟ್ಟಿ ಮುರಿದ ಸಪ್ಪಳಕ್ಕೆ ಪಕ್ಕದ ಮೇಜಿನ ಸಂಸಾರ ತಿರುಗಿ ನೋಡಿತು. ಇಲ್ಲಿನವರು ಗುರುತಿಲ್ಲದವರಿಗೂ ಹೇಗಿದ್ದೀರಿ ಎನ್ನುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಮೊದಮೊದಲು ನಾನು ನಿಂತು ನನ್ನ ನೆಗಡಿಯ ಕಥೆ ಹೇಳುತ್ತಿದ್ದೆ, ಅವರು ಅಷ್ಟು ಹೊತ್ತಿಗೆ ಮುಂದೆ ಹೋಗಿರುತ್ತಿದ್ದರು. ಅತ್ತಿ ಇದಾವುದನ್ನೂ ಗಮನಿಸಲಿಲ್ಲ. ರಸ್ತೆಗಾಗಿ ಕಡಿದ ಗುಡ್ಡದ ಕೆಂಪು ಮಣ್ಣನ್ನು ನೋಡಿ, "ಇದು ಮಸಾರಿ. ನಮ್ಮ ಕರಿ ಎರಿ ಅಲ್ಲ. ಆದ್ರೂ ಶೇಂಗಾಕ್ಕ ಅಡ್ಡಿ ಇಲ್ಲ," ಎಂದರು. ಮನೆಯ ಹೊರಗಿನ ಮಣ್ಣನ್ನು ಅವರು ಅಷ್ಟು ತಿಂಗಳ ಮೇಲೆ ನೋಡುತ್ತಿದ್ದರು.

ಅಟ್ಲಾಂಟಾ

ಊರು ಹತ್ತಿರವಾದಂತೆ ರಸ್ತೆ ಅಗಲವಾಗುತ್ತ ಹೋಯಿತು. ಎರಡು ಹೆದ್ದಾರಿ ಕೂಡುವಲ್ಲಿ ಎಷ್ಟು ಸಾಲು ಕಾರುಗಳಿದ್ದವೆಂದರೆ ನಮ್ಮ ಧಾರವಾಡ ರಸ್ತೆಯನ್ನು ಅಲ್ಲಿ ಅಡ್ಡಡ್ಡ ಮಲಗಿಸಬಹುದಿತ್ತು. ಯಾವ ಎಕ್ಸಿಟ್ಟಿನಲ್ಲಿ ಇಳಿಯಬೇಕು ಎಂದು ಅಕ್ಕ ಕೇಳಿದಳು. ನಕ್ಷೆಯಲ್ಲಿ ಹುಡುಕಿ, ಬೆರಳಿಟ್ಟು, ತಲೆ ಎತ್ತಿ ಹೇಳುವಷ್ಟರಲ್ಲಿ ಎಡಕ್ಕೆ ದುಂಡಗಿನ ಸ್ಟೇಡಿಯಂ ಕಾಣಿಸಿಕೊಂಡು ಹಿಂದೆ ಸರಿಯಿತು. ಹಿಂದಿನ ಸೀಟಿನಿಂದ ಅತ್ತಿ, ಅಲ್ಲೇ ಇತ್ತಲ್ಲ ಎಂದರು. ಅದು ಹೌದು. ಆದರೆ ಈ ದೇಶದಲ್ಲಿ ಮುಂದೆ ಹೋದ ಮೇಲೆ ಹಿಂದೆ ಬರುವುದು ಅಷ್ಟು ಸುಲಭವಲ್ಲ.

ಕೈಗೆ ಸಿಕ್ಕ ಎಕ್ಸಿಟ್ಟಿನಲ್ಲಿ ಇಳಿದೆವು. ಹಳೆಯ ಸಣ್ಣ ಮನೆಗಳ ಓಣಿ, ವರಾಂಡದಲ್ಲಿ ಕುರ್ಚಿಗಳು. ತಿರುಗಿದಷ್ಟೂ ಬೇರೆ ಬೇರೆ ಓಣಿ. ಕೊನೆಗೆ ಅಕ್ಕ ಕಾರನ್ನು ಬದಿಗೆ ನಿಲ್ಲಿಸಿದಳು. ಒಂದು ಚರ್ಚಿನ ಮುಂದೆ ಪ್ರಾರ್ಥನೆ ಮುಗಿದು ಜನ ಹೊರಬರುತ್ತಿದ್ದರು. ಎಲ್ಲರೂ ಕರಿಯರು. ಹೆಂಗಸರ ತಲೆಯ ಮೇಲೆ ಒಂದಕ್ಕಿಂತ ಒಂದು ಅಗಲವಾದ ಟೋಪಿ, ಹೂವು, ರಿಬ್ಬನ್ನು. ನಮ್ಮಲ್ಲಿ ಮದುವೆಗೂ ಅಷ್ಟು ಸಿಂಗರಿಸಿಕೊಂಡವರನ್ನು ಕಂಡಿಲ್ಲ. ನೇರಳೆ ಟೋಪಿಯ ಒಬ್ಬ ಹಿರಿಯ ಹೆಂಗಸು ಕಾರಿನ ಕಿಟಕಿಗೆ ಬಗ್ಗಿದರು. ನಾನು ಇಂಗ್ಲಿಷಿನಲ್ಲಿ ದಾರಿ ಕೇಳಿದೆ. ಅವರು ಹೇಳಿದ ಬಲ, ಎಡ, ಮತ್ತೆ ಬಲ ನನಗೆ ನಿಲ್ಲಲಿಲ್ಲ. ಅದನ್ನು ಅರಿತವರಂತೆ ಅವರು ಹಿಂದಿನ ಸೀಟಿನ ಅತ್ತಿಯನ್ನು ನೋಡಿದರು, ಕೋಲು ನೋಡಿದರು, ನನ್ನ ಹಿಂದೆ ಬನ್ನಿ ಎಂದು ತಮ್ಮ ಕಾರು ಹತ್ತಿದರು. ನಿಧಾನವಾಗಿ, ಪ್ರತಿ ತಿರುವಿನಲ್ಲೂ ಕೈ ಹೊರಗೆ ಚಾಚಿ ತೋರಿಸುತ್ತ, ಸ್ಟೇಡಿಯಮ್ಮಿನ ಕಾರು ನಿಲ್ಲಿಸುವ ಜಾಗದವರೆಗೂ ಮುಂದೆ ಹೋದರು. ನಾವು ಇಳಿದು ಕೈಮುಗಿಯುವ ಮೊದಲೇ ಹೊರಟೂ ಹೋದರು.

ಮುಂದಿನ ವರ್ಷದ ಒಲಿಂಪಿಕ್ಸಿಗೆಂದು ಪಕ್ಕದಲ್ಲೇ ಹೊಸ ಕ್ರೀಡಾಂಗಣ ಏಳುತ್ತಿತ್ತು. ಅತ್ತಿ ಅದರತ್ತ ನೋಡಲೂ ಇಲ್ಲ. ಕೋಲೂರುತ್ತ ಹಳೆಯದರ ಬಾಗಿಲು ದಾಟಿ, ಇಳಿಜಾರು ಹತ್ತಿ, ಸುರಂಗದಂಥ ದಾರಿಯಿಂದ ಹೊರಬಂದದ್ದೇ ನಿಂತುಬಿಟ್ಟರು. ಕೆಳಗೆ ಹಸಿರು. ನಾನು ಕಂಡ ಯಾವ ಹುಲ್ಲೂ ಅಷ್ಟು ಹಸಿರಾಗಿರಲಿಲ್ಲ. ಹಿಂದಿನಿಂದ ಜನ ಬರುತ್ತಿದ್ದರು, ದಾರಿ ಬಿಡಬೇಕಿತ್ತು. ನಾನು ತೋಳು ಹಿಡಿದೆ. ಅವರು ಅಲುಗಾಡಲಿಲ್ಲ.

"ಟಿವ್ಯಾಗ ಸಣ್ಣದು ಕಾಣತಿತ್ತು," ಎಂದರು.

ಆಟ

ಸೀಟು ಸಿಕ್ಕಿತು, ನೆರಳೂ ಇತ್ತು. ಅಟ್ಲಾಂಟಾ ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನವನ್ನು ಆಗಲೇ ಖಚಿತ ಮಾಡಿಕೊಂಡಿತ್ತು. ಆ ದಿನ ಗೆದ್ದರೂ ಸೋತರೂ ವ್ಯತ್ಯಾಸವಿಲ್ಲ ಎಂದು ಭಾವ ಹೇಳಿದ್ದರು. ಅತ್ತಿಗೆ ವ್ಯತ್ಯಾಸವಿತ್ತು. ಎಡಚ ಚೆಂಡು ಎಸೆಯಲು ಬಂದಾಗ ಸೆರಗು ಸರಿಮಾಡಿಕೊಂಡರು, ಗುರುತಿನವರು ಮನೆಗೆ ಬಂದ ಹಾಗೆ. ಸುತ್ತಲಿನವರು ಶೇಂಗಾ ಸುಲಿದು ಸಿಪ್ಪೆಯನ್ನು ಕಾಲ ಕೆಳಗೇ ಚೆಲ್ಲುತ್ತಿದ್ದರು. ರಸ್ತೆಯಲ್ಲಿ ಕಾಗದದ ಚೂರು ಬಿದ್ದರೂ ಎತ್ತುವ ಜನ ಇಲ್ಲಿ ಮಾತ್ರ ನಮ್ಮ ಊರಿನ ಟೆಂಟ್ ಸಿನಿಮಾಕ್ಕೆ ಬಂದವರಂತೆ ಆರಾಮಾಗಿದ್ದರು. ತಂಡಕ್ಕೆ ಅವಕಾಶ ಬಂದಾಗಲೆಲ್ಲ ಸಾವಿರಾರು ಜನ ಒಟ್ಟಿಗೆ ಕೊಡಲಿ ಬೀಸುವಂತೆ ಮುಂಗೈ ಬೀಸುತ್ತ ಒಂದೇ ರಾಗ ಎಳೆಯುತ್ತಿದ್ದರು. ಅತ್ತಿಯ ಮುಂಗೈಯೂ ಮಡಿಲಲ್ಲೇ ಸಣ್ಣಗೆ ಆಡುತ್ತಿತ್ತು.

ಆಟ ಮುಕ್ಕಾಲು ಮುಗಿದಾಗ ಎಲ್ಲರೂ ಎದ್ದು ನಿಂತು ಮೈಮುರಿದು ಒಂದು ಹಾಡು ಹೇಳುವುದು ಅಲ್ಲಿನ ಪದ್ಧತಿ. ಅತ್ತಿಯೂ ಎದ್ದರು. ಎದ್ದದ್ದೇ ಶೌಚಾಲಯಕ್ಕೆ ಹೋಗಬೇಕೆಂದರು. ಅಕ್ಕ ಸೀಟಿನಲ್ಲಿ ಉಳಿದಳು, ನಾನು ಕರೆದುಕೊಂಡು ಹೋದೆ. ಒಳಗೆ ಉದ್ದ ಸಾಲಿತ್ತು. ಕೋಲು ಕಂಡು ಹೆಂಗಸರು ಅವರನ್ನು ಮುಂದೆ ಬಿಟ್ಟರು. ನಾನು ಬಾಗಿಲ ಹೊರಗೆ ನಿಂತೆ.

ನಿಂತೇ ಇದ್ದೆ. ಒಳಗೆ ಹೋದವರೆಲ್ಲ ಬಂದರು, ಅವರ ಹಿಂದಿನವರೂ ಬಂದರು. ಒಳಗೆ ಹೋಗಿ ಕರೆದೆ. ಉತ್ತರವಿಲ್ಲ. ಈ ದೇಶದ ಶೌಚಾಲಯದ ಬಾಗಿಲುಗಳು ನೆಲದಿಂದ ಮೊಳದೆತ್ತರ ಖಾಲಿ ಇರುತ್ತವೆ. ಬಿಳಿ ಬೂಟು ಕಂಡೀತೆಂದು ಬಗ್ಗಿ ನೋಡುತ್ತ ಹೋದೆ. ಎಲ್ಲರ ಕಾಲಲ್ಲೂ ಬಿಳಿ ಬೂಟೇ. ಸಾಲಿನ ಕೊನೆಗೆ ಹೋದಾಗ ಕಂಡಿತು, ಆ ಶೌಚಾಲಯಕ್ಕೆ ಇನ್ನೊಂದು ಬಾಗಿಲಿತ್ತು. ಅದು ಬೇರೆಯದೇ ಓಣಿಗೆ ತೆರೆದಿತ್ತು, ಅಲ್ಲಿ ಜನವೋ ಜನ.

ಇಂಗ್ಲಿಷಿನ ಒಂದು ವಾಕ್ಯ ಬಾರದ, ಕಾಲು ಗಟ್ಟಿಯಿಲ್ಲದ, ಮನೆಯ ಫೋನ್ ನಂಬರೂ ಗೊತ್ತಿಲ್ಲದ ಮುದುಕಿ. ಓಡಿದೆ. ಐಸ್‌ಕ್ರೀಮಿನ ಅಂಗಡಿ, ಟೋಪಿಯ ಅಂಗಡಿ, ಇಳಿಜಾರು, ಎಲ್ಲೂ ಇಲ್ಲ. ನೀಲಿ ಕೋಟಿನ ಕಾವಲಿನವನೊಬ್ಬನಿಗೆ ತಡವರಿಸುತ್ತ ಹೇಳಿದೆ. ಅವನು ಅಂಜಬೇಡಿ ಎಂದು ವಾಕಿಟಾಕಿಯಲ್ಲಿ ಗೇಟುಗಳಿಗೆ ತಿಳಿಸಿದ. ನಾನು ಅಕ್ಕನ ಹತ್ತಿರ ಹೋಗಿ ಹೇಳಲೇಬೇಕಾಯಿತು.

ಅಕ್ಕ ಬೈಯಲಿಲ್ಲ. ಕೂತಲ್ಲಿಂದ ಎದ್ದಳು. ಗೇಟಿನ ಕಡೆ ಓಡೋಣ ಎಂದೆ.

"ಗೇಟಿಗೆ ಹೋಗೂದಿಲ್ಲ ಅವರು," ಎಂದಳು. "ಆಟ ನಡದೈತಿ. ಮೈದಾನ ಕಾಣೂ ಕಡೆ ಹೋಗಿರ್ತಾರ."

ಶೌಚಾಲಯದ ಆ ಇನ್ನೊಂದು ಬಾಗಿಲಿನಿಂದ ಹತ್ತಿರದ ಸುರಂಗ ಯಾವುದೆಂದು ನೋಡಿ ಅದರೊಳಗೆ ನುಗ್ಗಿದಳು. ಹೊರಗೆ ಬಂದರೆ ಮುಂದೆ ಟೋಪಿಗಳ ಸಮುದ್ರ. ಅಕ್ಕ ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸಿದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಕೆಳಗಿನ ಸಾಲುಗಳಲ್ಲಿ, ಅಷ್ಟು ಟೋಪಿಗಳ ನಡುವೆ, ಸೆರಗು ಹೊದ್ದ ಒಂದು ತಲೆ.

ಅತ್ತಿ ಖಾಲಿ ಸೀಟೊಂದರಲ್ಲಿ ಕೋಲನ್ನು ಮೊಣಕಾಲಿಗೆ ಆನಿಸಿ ಕುಳಿತಿದ್ದರು. ಪಕ್ಕದಲ್ಲಿ ತಂಡದ ಟೋಪಿ ಹಾಕಿದ ದಪ್ಪನೆಯ ಬಿಳಿಯ ಅಜ್ಜಿ. ಇಬ್ಬರ ನಡುವೆ ಶೇಂಗಾದ ಚೀಲ. ಎಸೆದ ಚೆಂಡು ಹೊಡೆಯುವವನನ್ನು ದಾಟಿದಾಗ ಆ ಅಜ್ಜಿ ಸ್ಟ್ರೈಕ್ ಎಂದರು, ಹೊಡೆಯುವವನ ತಪ್ಪು ಎಂಬರ್ಥದಲ್ಲಿ. ಅತ್ತಿ ಅಲ್ಲವೆಂದು ತಲೆಯಾಡಿಸಿ ಬಾಲ್, ಅಂದರೆ ಎಸೆದವನದೇ ತಪ್ಪು, ಎಂದು ತಿದ್ದಿದರು. ಅಂಪೈರ್ ಅತ್ತಿ ಹೇಳಿದ್ದನ್ನೇ ಹೇಳಿದ. ಆ ಅಜ್ಜಿ ನಕ್ಕು ಅತ್ತಿಯ ತೊಡೆ ತಟ್ಟಿದರು.

ಅಕ್ಕ ಮೆಟ್ಟಿಲಿಳಿದು ಅವರ ಮುಂದೆ ನಿಂತಳು. ಅತ್ತಿ ತಲೆ ಎತ್ತಿದರು.

"ನೀವು ಬರ್ತೀರಂತ ಗೊತ್ತಿತ್ತು. ಆಟ ಬಿಟ್ಟು ನಾ ಎಲ್ಲಿ ಹೋಗ್ಲಿ?"

ಅಷ್ಟಕ್ಕೆ ಅಕ್ಕನ ಕಟ್ಟೆ ಒಡೆಯಿತು. ಅತ್ತಿಯೆದುರು ಅವಳು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಿಮಗ ಏನರ ಆಗಿದ್ರ ನಾ ಹೆಂಗ ಮನಿಗೆ ಹೋಗ್ಲಿ? ಅವರು ಬೈತಾರಂತ ಅಲ್ರೀ. ನನ್ನ ಸಲುವಾಗಿ ಹೇಳಾಕತ್ತೀನಿ. ಮಕ್ಕಳು ಹೋದ್ರು, ಅವರು ಹಗಲೂ ರಾತ್ರಿ ದವಾಖಾನ್ಯಾಗ. ನೀವೂ ಹೊಂಟೀರಿ. ಆ ಮನ್ಯಾಗ ನಾ ಒಬ್ಬಾಕಿ ಯಾರ ಮಾರಿ ನೋಡ್ಕೋತ ಇರ್ಲಿ?"

ಸುತ್ತಲಿನವರು ತಿರುಗಿ ನೋಡಿದರು, ನೋಡಿಲ್ಲದ ಹಾಗೆ ಮತ್ತೆ ಮೈದಾನಕ್ಕೆ ಹೊರಳಿದರು. ಟೋಪಿಯ ಅಜ್ಜಿ ಭಾಷೆ ತಿಳಿಯದಿದ್ದರೂ ಒಂದು ಸೀಟು ಆಚೆ ಸರಿದು, ಕಾಗದದ ಕರವಸ್ತ್ರವನ್ನು ಅಕ್ಕನ ಕೈಗಿಟ್ಟರು. ಅತ್ತಿ ಬಹಳ ಹೊತ್ತು ಸೊಸೆಯ ಮುಖ ನೋಡಿದರು. ಮೈದಾನದಲ್ಲಿ ಯಾರೋ ಚೆಂಡು ಹೊಡೆದು ಜನ ಕೂಗಿದರೂ ಅತ್ತ ನೋಡಲಿಲ್ಲ. ಆಮೇಲೆ ಅವಳ ಕೈ ಹಿಡಿದು ಎಳೆದು ಖಾಲಿಯಾದ ಸೀಟಿನಲ್ಲಿ ಕೂರಿಸಿದರು. ಮಡಿಲಲ್ಲಿದ್ದ ಸುಲಿದ ಶೇಂಗಾ ಅಂಗೈಗೆ ಹಾಕಿದರು.

"ನಾ ನಿನಗ ಭಾರ ಆಗೀನಿ ಅಂತ ತಿಳಕೊಂಡಿದ್ದೆ," ಎಂದರು ಮೆಲ್ಲಗೆ.

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಶೇಂಗಾ ಬಾಯಿಗೆ ಹಾಕಿಕೊಂಡಳು. ನಾನು ಹೋಗಿ ಕಾವಲಿನವನಿಗೆ ಸಿಕ್ಕರೆಂದು ತಿಳಿಸಿ, ಬಂದು ಮೆಟ್ಟಿಲ ಮೇಲೆಯೇ ಕೂತೆ. ಅಲ್ಲಿ ಕೂರಬಾರದೆಂದು ಯಾರೂ ಹೇಳಲಿಲ್ಲ. ಆ ದಿನ ಅಟ್ಲಾಂಟಾ ಸೋತಿತು. ಅಷ್ಟು ಹಗುರಾದ ಮನಸ್ಸಿನಿಂದ ನಾನು ಯಾವ ಗೆಲುವನ್ನೂ ನೋಡಿಲ್ಲ.

ಮತ್ತೆ ಆ್ಯಂಡರ್ಸನ್

ಮರಳುವಾಗ ಅತ್ತಿ ಸರೋವರ ಬರುವವರೆಗೂ ನಿದ್ದೆ ಹೋದರು. ಕಳೆದುಹೋದ ಸುದ್ದಿ ಭಾವನಿಗೆ ಹೇಳುವುದು ಬೇಡ ಎಂದು ನಾವಿಬ್ಬರೂ ದನಿ ತಗ್ಗಿಸಿ ಮಾತಾಡಿಕೊಂಡೆವು. ಅಕ್ಕ ಒಂದು ಲಾರಿಯನ್ನು ಹಿಂದೆ ಹಾಕಿದಳು. ಹಾಕಿದ ಮೇಲೆ ಅವಳಿಗೇ ಅದು ತಿಳಿದು ಹುಬ್ಬೇರಿಸಿದಳು.

ಹೊತ್ತು ಮುಳುಗುವ ಮೊದಲೇ ಮನೆ ಸೇರಿದೆವು. ಭಾವ ಅಂಗಳದಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ, ಆಸ್ಪತ್ರೆಯ ಹಸಿರು ಬಟ್ಟೆಯನ್ನೂ ಬದಲಿಸಿರಲಿಲ್ಲ. ಅಪಘಾತದ ರೋಗಿ ಬದುಕಿದ ಎಂದು ಮೊದಲು ಹೇಳಿದರು. ಆಟ ಹೇಗಿತ್ತು ಎಂದು ತಾಯಿಯನ್ನು ಕಾರಿನಿಂದ ಇಳಿಸುತ್ತ ಕೇಳಿದರು.

"ಸೋತ್ರು," ಎಂದರು ಅತ್ತಿ. "ನಾನೂ ಕಳದಿದ್ದೆ. ನಿನ್ನ ಹೆಣ್ತಿ ಹುಡುಕಿದಳು."

ನಾವಿಬ್ಬರೂ ನೆಲ ನೋಡಿದೆವು. ಭಾವ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ತಾಯಿಯ ತೋಳನ್ನು ಮೇಲಿನಿಂದ ಕೆಳಗೆ ಒಮ್ಮೆ ಮುಟ್ಟಿ ನೋಡಿದರು, ಏನೂ ಮುರಿದಿಲ್ಲವೆಂದು ಖಚಿತ ಮಾಡಿಕೊಳ್ಳುವ ಡಾಕ್ಟರಂತೆ. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅತ್ತಿ ಅವರ ಪಕ್ಕದಲ್ಲಿ ಕೋಲೂರಿ ನಿಂತರು.

"ದೊಡ್ಡ ಆಟ ಚಾಲೂ ಆಗೂದು ಅಕ್ಟೋಬರದಾಗ," ಎಂದರು. "ಊರಿಗೆ ಹೋಗೂ ಟಿಕೇಟ ಮುಂದ ಹಾಕು."

ಎಷ್ಟು ಮುಂದಕ್ಕೆ ಎಂದು ಭಾವ ಕೇಳಿದರು.

"ಅದನ್ನ ಸುಮಿತ್ರಾನ್ನ ಕೇಳು."

ವಿಮಾನ ನಿಲ್ದಾಣ

ಸೆಪ್ಟೆಂಬರ್ ಕೊನೆಗೆ ನಾನು ಒಬ್ಬಳೇ ಹೊರಟೆ. ಮೊದಲು ವಾಷಿಂಗ್ಟನ್ನಿಗೆ, ಅಲ್ಲಿಂದ ದೊಡ್ಡ ವಿಮಾನ. ಅತ್ತಿಯನ್ನು ಕರೆದುಕೊಂಡು ಹೋಗುವ ಹೊಣೆ ಇಲ್ಲವಾಗಿದ್ದರಿಂದ ನನಗೂ ಒಳಗೊಳಗೆ ನಿರಾಳವೇ ಆಗಿತ್ತು, ಸುಳ್ಳೇಕೆ ಹೇಳಲಿ. ವಾಷಿಂಗ್ಟನ್ನಿನ ನಿಲ್ದಾಣದಲ್ಲಿ ಎಷ್ಟು ಶೌಚಾಲಯ, ಅವಕ್ಕೆ ಎಷ್ಟು ಬಾಗಿಲು ಎಂದು ನೆನೆದು ಒಂದೆರಡು ರಾತ್ರಿ ನಿದ್ದೆಗೆಟ್ಟಿದ್ದೆ.

ನಿಲ್ದಾಣಕ್ಕೆ ಬಿಡಲು ಅಕ್ಕ ಹೆದ್ದಾರಿಯಲ್ಲೇ ಕಾರು ಓಡಿಸಿಕೊಂಡು ಬಂದಳು, ಅತ್ತಿ ಮುಂದಿನ ಸೀಟಿನಲ್ಲಿ. ಆಗ ಟಿಕೆಟ್ ಇಲ್ಲದವರೂ ವಿಮಾನ ಹತ್ತುವ ಬಾಗಿಲಿನವರೆಗೆ ಬಂದು ಕೂರಬಹುದಿತ್ತು. ಅವರಿಬ್ಬರೂ ಬಂದರು. ಬೋರ್ಡಿನಲ್ಲಿ ನನ್ನ ವಿಮಾನ ತಡ ಎಂದು ಬಂತು. ಅಕ್ಕ ಕೈಗಡಿಯಾರ ನೋಡಿಕೊಂಡಳು. ಅತ್ತಿ ಅಕ್ಕನನ್ನು ನೋಡಿದರು. ಇಬ್ಬರೂ ಮತ್ತೆ ಅದೇ ಕೈಗಡಿಯಾರ ನೋಡಿದರು.

ಇವತ್ತು ಯಾರು ಚೆಂಡು ಎಸೆಯುವುದು ಎಂದು ನಾನು ಕೇಳಿದೆ. ಚಾಳೀಸಿನಂವ ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಹೋಗಿ ಎಂದೆ, ನನಗೆ ಬೇಸರವಿಲ್ಲ, ಪುಸ್ತಕ ಇದೆ. ಅಕ್ಕ ನನ್ನನ್ನು ತಬ್ಬಿಕೊಂಡಳು. ಅತ್ತಿ ನನ್ನ ಕೆನ್ನೆ ಸವರಿ, ಮಗಳಿಗೆ ಆರಾಮ ಇದ್ದೇನೆಂದು ಹೇಳು ಎಂದರು. ಅವರ ಒಂದು ಕೈ ಕೋಲಿನ ಮೇಲಿತ್ತು, ಇನ್ನೊಂದು ಅಕ್ಕನ ತೋಳಿನ ಮೇಲೆ. ಆಟ ಶುರುವಾಗುವ ಮೊದಲು ಮನೆ ಸೇರಬೇಕಿತ್ತು, ಆದ್ದರಿಂದ ಆ ಉದ್ದ ಓಣಿಯಲ್ಲಿ ಅತ್ತಿಯ ಕಾಲಿಗೆ ಎಷ್ಟು ಸಾಧ್ಯವೋ ಅಷ್ಟು ಬಿರುಸಾಗಿ ಇಬ್ಬರೂ ನಡೆದು ಹೋದರು.